ಕಟ್ಟಿಕೊಂಡದ್ದೋ, ಕಟ್ಟಿಸಿದ್ದೋ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಈಗ ಒಂದು ಗಾಜಿನ ಕಪಾಟು ಪ್ರತ್ಯೇಕವಾಗಿಯೇ ಇರುತ್ತದೆ. ಒಂದು ಅಂಗಡಿಯಲ್ಲಿ ಅದರ ಮೇಲೆ ‘ವೇರಬಲ್ಸ್’ ಎಂದು ಕನ್ನಡ ಅಕ್ಷರಗಳಲ್ಲೇ ಚೀಟಿ ಅಂಟಿಸಿದ್ದರು. ಒಳಗೆ ಬಣ್ಣಬಣ್ಣದ ಕೈಗಡಿಯಾರಗಳು, ರಬ್ಬರಿನ ಕೈಪಟ್ಟಿಗಳು, ಕಿವಿಯೊಳಗೆ ಸಿಕ್ಕಿಸುವ ಗುಂಡಿಗಳು, ನಾಡಿ ಎಣಿಸುವ ಉಂಗುರ. ಕೊಳ್ಳಲು ಬಂದವರು ಯಾರೂ ಆ ಪದವನ್ನು ಬಾಯಿಗೆ ತರುವುದಿಲ್ಲ. ‘ಹೆಜ್ಜೆ ಎಣಿಸುವ ವಾಚು ತೋರಿಸಿ’ ಎನ್ನುತ್ತಾರೆ, ‘ಬಿ.ಪಿ. ಹೇಳುವುದು ಇದೆಯೇ’ ಎಂದು ಕೇಳುತ್ತಾರೆ. ಪದ ಇರುವುದು ಸರಕಿನ ಪಟ್ಟಿ ಬರೆಯುವವರಿಗೆ, ಜಾಹೀರಾತಿನವರಿಗೆ, ಮತ್ತು ಕನ್ನಡ ಪಾಠ ಹೇಳಿಕೊಂಡು ಬಂದ ನನ್ನಂಥ ಮಾಸ್ತರರಿಗೆ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಹುಡುಗರು ಕೇಳಿದ ಮೇಲೆ ಈ ಪದ ನನ್ನ ತಲೆಯಿಂದ ಇಳಿದಿಲ್ಲ.

ಇಂಗ್ಲಿಷಿನ ‘ವೇರ್’ ಬಹಳ ಹಳೆಯ ಪದ. ಹಳೆಯ ಇಂಗ್ಲಿಷಿನಲ್ಲಿ ಅದು ‘ವೆರಿಯನ್’, ಬಟ್ಟೆ ಹೊದೆಯುವುದು ಎಂಬರ್ಥ. ಇನ್ನೂ ಹಿಂದಕ್ಕೆ ಹೋದರೆ ಇಂಡೋ-ಯುರೋಪಿಯನ್ ಭಾಷೆಗಳ ‘ವೆಸ್’ ಎಂಬ ಬೇರು ಸಿಗುತ್ತದೆ. ಲ್ಯಾಟಿನ್ನಿನ ‘ವೆಸ್ಟಿಸ್’ ಅಲ್ಲಿಂದಲೇ ಬಂದದ್ದು, ಸಂಸ್ಕೃತದ ‘ವಸನ’, ‘ವಸ್ತ್ರ’ಗಳೂ ಅಲ್ಲಿಂದಲೇ. ಅಂದರೆ ನಮ್ಮ ಕಪಡಾ ಬಜಾರಿನ ‘ವಸ್ತ್ರ ಭಂಡಾರ’ಕ್ಕೂ ಮೊಬೈಲ್ ಅಂಗಡಿಯ ‘ವೇರಬಲ್ಸ್’ಗೂ ದೂರದ ದಾಯಾದಿತನವಿದೆ. ಹದಿನೆಂಟನೆಯ ಶತಮಾನದ ಇಂಗ್ಲಿಷಿನಲ್ಲಿ ‘ವೇರಬಲ್ಸ್’ ಎಂದರೆ ಉಡುಗೆ ತೊಡುಗೆ, ಅಷ್ಟೇ. ಅಂಗಿ, ಲಂಗ, ಮೇಲಂಗಿ. ಯಂತ್ರದ ಸುಳಿವೇ ಅದರಲ್ಲಿ ಇರಲಿಲ್ಲ.

ಯಂತ್ರ ಮೊದಲು ಬಂತು, ಹೆಸರು ಬಹಳ ತಡವಾಗಿ ಅಂಟಿಕೊಂಡಿತು. ಮೈಮೇಲೆ ತೊಡುವ ಗಣಕದ ಹುಟ್ಟು ಆಸ್ಪತ್ರೆಯಲ್ಲೋ ಸೇನೆಯಲ್ಲೋ ಆಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ಜೂಜುಕಟ್ಟೆಯ ಸಲುವಾಗಿ. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ, ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಇಬ್ಬರೂ ಸೇರಿ ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿದ್ದಾಗ ರೂಲೆಟ್ ಚಕ್ರದ ಗೋಲಿ ಎಲ್ಲಿ ಬಂದು ನಿಲ್ಲಬಹುದೆಂದು ಲೆಕ್ಕ ಹಾಕುವ ಪುಟ್ಟ ಯಂತ್ರವೊಂದನ್ನು ತಯಾರಿಸಿದರು. ಸಿಗರೇಟು ಪೊಟ್ಟಣದಷ್ಟು ಗಾತ್ರ, 12 ಟ್ರಾನ್ಸಿಸ್ಟರುಗಳು. ಸ್ವಿಚ್ಚು ಬೂಟಿನೊಳಗೆ, ಕಾಲಿನ ಹೆಬ್ಬೆರಳ ಕೆಳಗೆ. ಚಕ್ರದ ಪಕ್ಕದಲ್ಲಿ ನಿಂತವರು ಅದು ತಿರುಗುವ ವೇಗವನ್ನು ಬೆರಳೊತ್ತಿ ತಿಳಿಸಬೇಕು. ಪಣ ಕಟ್ಟುವವರ ಕಿವಿಯಲ್ಲಿ ಒಂದು ಸ್ವರ ಮೊಳಗುತ್ತದೆ, ಚಕ್ರದ ಎಂಟು ಭಾಗಗಳಲ್ಲಿ ಯಾವುದಕ್ಕೆ ಹಣ ಹಾಕಬೇಕೆಂದು ಆ ಸ್ವರವೇ ಸೂಚನೆ. 1961ರಲ್ಲಿ ಲಾಸ್ ವೇಗಸ್ಸಿನಲ್ಲಿ ಇಬ್ಬರೂ ಪತ್ನಿಯರೊಡನೆ ಹೋಗಿ ಪ್ರಯೋಗ ಮಾಡಿದರು. ಲೆಕ್ಕ ಸರಿಯಾಗಿಯೇ ಕೆಲಸ ಮಾಡಿತು. ಕೈಕೊಟ್ಟದ್ದು ಕೂದಲೆಳೆಯಷ್ಟು ತೆಳುವಾದ ಕಿವಿಯ ತಂತಿ, ಮೇಲಿಂದ ಮೇಲೆ ಹರಿಯುತ್ತಿತ್ತು. ಹಲವು ವರ್ಷ ಈ ಸಂಗತಿ ಗುಟ್ಟಾಗಿಯೇ ಇತ್ತು. ಮುಂದೆ 1985ರಲ್ಲಿ ನೆವಾಡಾ ರಾಜ್ಯ ಇಂಥ ಸಾಧನಗಳನ್ನು ಜೂಜುಕಟ್ಟೆಗಳಲ್ಲಿ ಕಾನೂನುಬಾಹಿರ ಮಾಡಿತು. ‘ಮೊದಲ ವೇರಬಲ್ ಕಂಪ್ಯೂಟರ್’ ಎಂದು ಥಾರ್ಪ್ ತಮ್ಮ ಯಂತ್ರವನ್ನು ಕರೆದು ಪ್ರಬಂಧ ಓದಿದ್ದು 1998ರಲ್ಲಿ. ಕೂಸು ಹುಟ್ಟಿದ ಎಷ್ಟೋ ವರ್ಷಗಳ ಮೇಲೆ ತೊಟ್ಟಿಲ ಶಾಸ್ತ್ರ.

ಆ ಹೊತ್ತಿಗೆ ಹೆಸರು ಬೇರೆಯವರ ಕೈಯಲ್ಲಿ ಬೆಳೆದಿತ್ತು. ಕೆನಡಾದ ಸ್ಟೀವ್ ಮಾನ್ ಎಂಬಾತ ಹದಿಹರೆಯದಲ್ಲೇ ಕಂಪ್ಯೂಟರನ್ನು ಬೆನ್ನಿಗೆ ಹೊತ್ತು, ತಲೆಗೆ ಪರದೆ ಸಿಕ್ಕಿಸಿಕೊಂಡು ತಿರುಗಾಡಿದವನು. 1990ರ ದಶಕದಲ್ಲಿ ಎಂಐಟಿಯಲ್ಲಿ ಅವನೂ ಥ್ಯಾಡ್ ಸ್ಟಾರ್ನರ್ ಮೊದಲಾದ ಗೆಳೆಯರೂ ದಿನವಿಡೀ ಗಣಕ ತೊಟ್ಟೇ ಓಡಾಡುತ್ತಿದ್ದರು. 1997ರಲ್ಲಿ ‘ವೇರಬಲ್ ಕಂಪ್ಯೂಟರ್’ಗಳಿಗೆಂದೇ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಆರಂಭವಾಯಿತು. ಮರುವರ್ಷ ಮಾನ್ ಆ ಪದಕ್ಕೆ ಒಂದು ವ್ಯಾಖ್ಯೆ ಕೊಟ್ಟ. ಗಣಕ ತೊಟ್ಟವನ ವೈಯಕ್ತಿಕ ಆವರಣದೊಳಗೆ ಸೇರಿರಬೇಕು, ಯಾವಾಗಲೂ ಚಾಲೂ ಇರಬೇಕು, ಯಾವಾಗಲೂ ಕೈಗೆ ಎಟುಕಬೇಕು, ಮತ್ತು ತೊಟ್ಟವನ ಹಿಡಿತದಲ್ಲಿರಬೇಕು. ಈ ಕೊನೆಯ ಮಾತು ನನಗೆ ಮುಖ್ಯ. ಇದೇ ಮಾನ್ ಮುಂದೆ, ಮೇಲಿನವರು ಕೆಳಗಿನವರನ್ನು ಕಾಯುವ ಕ್ಯಾಮೆರಾಗಳಿಗೆ ಪ್ರತಿಯಾಗಿ ಕೆಳಗಿನವರು ಮೇಲಿನವರನ್ನು ನೋಡುವ ಕ್ರಿಯೆಗೂ ಒಂದು ಹೊಸ ಪದ ಕಟ್ಟಿದ, ‘ಸೂವೇಲೆನ್ಸ್’ ಎಂದು. ಅವನ ಲೆಕ್ಕದಲ್ಲಿ ಮೈಮೇಲಿನ ಯಂತ್ರ ಸಾಮಾನ್ಯ ಮನುಷ್ಯನ ಆಯುಧ.

ಅಂಗಡಿಯ ಚೀಟಿಯವರೆಗೆ ಬರುವಷ್ಟರಲ್ಲಿ ಆ ಕೊನೆಯ ಮಾತು ದಾರಿಯಲ್ಲಿ ಎಲ್ಲೋ ಉದುರಿಹೋಗಿದೆ. ಮೈಮೇಲೆ ಇರುವುದೆಲ್ಲ ಈಗ ವೇರಬಲ್, ಹಿಡಿತ ಯಾರದ್ದಾದರೂ ಆಗಿರಲಿ.

ಫಲಕಕ್ಕೆ ಕನ್ನಡ ಹುಡುಕುವಾಗ ಮೊದಲು ಕೈಗೆ ಸಿಕ್ಕದ್ದು ಪತ್ರಿಕೆಗಳ ‘ಧರಿಸಬಹುದಾದ ತಂತ್ರಜ್ಞಾನ’. ಓದಿದರೆ ಅನುವಾದದ ವಾಸನೆ ಹೊಡೆಯುತ್ತದೆ. ‘ಧಾರಣೀಯ ಗಣಕ’ ಎಂದರೆ ಪಂಚಾಂಗದಲ್ಲಿ ಬರುವ ಯಾವುದೋ ಯೋಗದ ಹಾಗೆ ಕೇಳುತ್ತದೆ. ‘ತೊಡುಗಣಕ’ ಎಂದು ಸಂಸ್ಕೃತ, ಕನ್ನಡ ಎರಡನ್ನೂ ಬೆಸೆದು ನೋಡಿದೆ. ಸೇಡಂ ರಸ್ತೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಇಲ್ಲಿಂದ ಹತ್ತಿರವೇ. ಅಲ್ಲಿಯ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಹೊಂದಿಕೆಯಿಲ್ಲದೆ ಎರಡು ಭಾಷೆ ಬೆರೆಸುವವರನ್ನು ಆಗಲೇ ತರಾಟೆಗೆ ತೆಗೆದುಕೊಂಡಿದೆ. ಆ ಊರಿನ ನೆರೆಯಲ್ಲಿದ್ದುಕೊಂಡು ಅಷ್ಟು ಧೈರ್ಯ ಮಾಡಲಾರೆ. ಇನ್ನು ‘ಸ್ಥಿರವಾಣಿ’, ‘ಜಂಗಮವಾಣಿ’ಗಳ ಕಥೆ ಗೊತ್ತೇ ಇದೆ. ಎಷ್ಟು ಚೆಂದದ ಜೋಡಿ! ಲಗ್ನಪತ್ರಿಕೆಯ ಅಂಚಿನಲ್ಲಿ, ಸಂಘಗಳ ಲೆಟರ್‌ಹೆಡ್ಡಿನಲ್ಲಿ ಬದುಕಿಕೊಂಡಿವೆ. ‘ನಿಮ್ಮ ಜಂಗಮವಾಣಿ ಕೊಡಿ’ ಎಂದು ಬಸ್ ನಿಲ್ದಾಣದಲ್ಲಿ ಕೇಳಿದವರನ್ನು ನಾನು ಕಾಣೆ.

ನಾಮಪದದ ಬೆನ್ನು ಬಿಟ್ಟು ಕ್ರಿಯಾಪದಗಳನ್ನು ನೋಡತೊಡಗಿದಾಗ ಕೆಲಸ ರುಚಿಸಿತು. ಇಂಗ್ಲಿಷಿನ ‘ವೇರ್’ ಉದಾರಿ. ಅಂಗಿಗೂ ಅದೇ, ಕನ್ನಡಕಕ್ಕೂ ಅದೇ, ಅತ್ತರಿಗೂ ಅದೇ, ಗಡ್ಡಕ್ಕೂ ಅದೇ. ಕನ್ನಡ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಸೀರೆ ಉಡಬೇಕು, ಕುಪ್ಪಸ ತೊಡಬೇಕು, ಹೂವು ಮುಡಿಯಬೇಕು, ಶಾಲು ಹೊದೆಯಬೇಕು, ರುಮಾಲು ಸುತ್ತಬೇಕು, ಚಪ್ಪಲಿ ಮೆಟ್ಟಬೇಕು, ಕುಂಕುಮ ಇಟ್ಟುಕೊಳ್ಳಬೇಕು, ಕನ್ನಡಕ ಹಾಕಿಕೊಳ್ಳಬೇಕು. ಮೈಯ ಯಾವ ಜಾಗ, ವಸ್ತು ಅಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಗಡಿಯಾರಕ್ಕೆ ಮಾತ್ರ ‘ಕಟ್ಟು’. ಮಣಿಕಟ್ಟಿಗೆ ಕಟ್ಟುವುದು. ಆ ಅವಯವದ ಹೆಸರಿನಲ್ಲೇ ಕಟ್ಟು ಇದೆ, ಸಂಸ್ಕೃತದಲ್ಲೂ ಅದು ‘ಮಣಿಬಂಧ’, ಮಣಿ ಕಟ್ಟುವ ಜಾಗ. ನಮ್ಮ ಊರಿನ ದಖನಿ ಉರ್ದುವಿನಲ್ಲೂ ‘ಘಡಿ ಬಾಂಧನಾ’ ಎನ್ನುವುದುಂಟು, ತಾಯಿತಕ್ಕೂ ಅದೇ ಕ್ರಿಯಾಪದ. ಬಂದೇನವಾಜರ ದರ್ಗಾದ ಓಣಿಯ ಅಂಗಡಿಗಳಲ್ಲಿ ತಾಯಿತದ ದಾರಗಳು ತೂಗುವುದನ್ನು ನೋಡಿದವರಿಗೆ ಈ ನೆಂಟಸ್ತನ ಹೊಸದಲ್ಲ. ಉಡದಾರ, ಕಂಕಣ, ಬಾಸಿಂಗ, ಗೆಜ್ಜೆ, ತಾಳಿ, ತಾಯಿತ: ‘ಕಟ್ಟು’ವಿನ ಕುಟುಂಬ ಇದು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ 1961ರಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆ ಶುರುವಾದ ಮೇಲೆ ಗಡಿಯಾರವೂ ಮದುವೆಯ ಸಾಮಾನಿನ ಪಟ್ಟಿ ಸೇರಿತು. ಅಳಿಯನಿಗೆ ಉಂಗುರ ಹಾಕುವುದು, ವಾಚು ಕಟ್ಟುವುದು. ತಾಳಿ, ಕಂಕಣಗಳ ಸಾಲಿನಲ್ಲಿ ಅದಕ್ಕೂ ಒಂದು ಜಾಗ.

ಕಟ್ಟುವುದು ಈ ಹೊಸ ಗಡಿಯಾರಗಳ ಕೆಲಸಕ್ಕೂ ಅಗತ್ಯ ಎಂಬುದು ಆಮೇಲೆ ತಿಳಿಯಿತು. ಹಿಂಬದಿಯಲ್ಲಿ ಮಿನುಗುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ನಾಳಗಳು ತುಂಬಿಕೊಂಡಾಗ ತಿರುಗಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ. ಪಟ್ಟಿ ಸಡಿಲವಾದರೆ ಹೊರಗಿನ ಬೆಳಕು ನುಗ್ಗುತ್ತದೆ, ಗಡಿಯಾರ ಅತ್ತಿತ್ತ ಜಾರುತ್ತದೆ, ಲೆಕ್ಕ ತಪ್ಪುತ್ತದೆ. ಬಿಗಿದರೆ ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಪಟ್ಟಿಯ ಕೆಳಗೆ ಬೆವರುಸಾಲೆ ಏಳುತ್ತದೆ. ಪಾದರಸ 42 ಡಿಗ್ರಿ ದಾಟುವ ಊರುಗಳನ್ನು ನೆನೆದು ಆ ರಬ್ಬರು ಪಟ್ಟಿಯನ್ನು ಯಾರೂ ಮಾಡಿದಂತಿಲ್ಲ.

ಹೆಜ್ಜೆಯ ಮಾತು ಬಂದಾಗ ನಮ್ಮ ಊರಿನ ‘ಅಪ್ಪನ ಕೆರೆ’ಯನ್ನು ಬಿಡಲಾಗದು. ಬೆಳಗಿನ ಹೊತ್ತು ಅಲ್ಲಿ ನಡೆಯುವವರಲ್ಲಿ ಬಹಳ ಮಂದಿಗೆ ‘ಹತ್ತು ಸಾವಿರ’ ಎಂಬುದು ವೈದ್ಯಶಾಸ್ತ್ರ ವಿಧಿಸಿದ ಸಂಖ್ಯೆ. ಅದು ಬಂದದ್ದು ಒಂದು ಸರಕಿನ ಹೆಸರಿನಿಂದ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರವೊಂದು ಮಾರುಕಟ್ಟೆಗೆ ಬಂತು. ಹೆಸರು ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾಪಕದ ಹೆಸರು ಜಗತ್ತಿಗೆಲ್ಲ ಗುರಿಯಾಯಿತು. ನನ್ನ ಜೊತೆ ನಡೆಯುವ ನಿವೃತ್ತ ಮಾಸ್ತರರೊಬ್ಬರಿಗೆ ಬೆಂಗಳೂರಿನ ಮಗ ಇಂಥದೊಂದು ಗಡಿಯಾರ ತಂದುಕೊಟ್ಟಿದ್ದಾನೆ. ಲೆಕ್ಕ ಮಗನ ಮೊಬೈಲಿಗೂ ಹೋಗುತ್ತದೆ. ಮಧ್ಯಾಹ್ನ ಫೋನು ಬರುತ್ತದೆ: ‘ಅಪ್ಪಾ, ಇವತ್ತು ಎರಡು ಸಾವಿರವೂ ಆಗಿಲ್ಲವಲ್ಲ?’ ಮಾಸ್ತರರು ಆರಾಮಕುರ್ಚಿಯಲ್ಲಿ ಕೂತೇ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಾರೆ, ಸಂಜೆಯೊಳಗೆ ಸಂಖ್ಯೆ ಏರಿರುತ್ತದೆ. ಗಡಿಯಾರ ಎಣಿಸುವುದು ಕೈಯ ಅಲುಗಾಟವನ್ನು ಎಂಬುದು ಅವರಿಗೆ ಯಾರೂ ಹೇಳಿಕೊಡದೆ ತಿಳಿದುಹೋಗಿದೆ. ‘ನೀವು ವಾಚು ಕಟ್ಟಿಕೊಂಡದ್ದು ಯಾವಾಗಿನಿಂದ?’ ಎಂದು ಕೇಳಿದ್ದಕ್ಕೆ ಅವರು ತಿದ್ದಿದರು: ‘ನಾನೆಲ್ಲಿ ಕಟ್ಟಿಕೊಂಡೆ ಸರ್? ಮಗ ಕಟ್ಟಿಸಿದ್ದಾನೆ.’

ಪಾಠ ಹೇಳುವಾಗ ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದ ವ್ಯಾಕರಣ ಇದು. ಕನ್ನಡದ ‘-ಕೊಳ್ಳು’ ಸಣ್ಣ ಬಾಲವಲ್ಲ. ಕ್ರಿಯೆ ಮಾಡಿದವನಿಗೇ ಅದರ ಫಲವೂ ಸೇರಿತು ಎಂದು ಅದು ಸಾಕ್ಷಿ ಹೇಳುತ್ತದೆ. ಬಡಿಸಿದಳು, ಬಡಿಸಿಕೊಂಡಳು. ಕಟ್ಟಿದ, ಕಟ್ಟಿಕೊಂಡ. ‘-ಇಸು’ ಸೇರಿದರೆ ಕ್ರಿಯೆಯ ಹಿಂದೆ ಇನ್ನೊಬ್ಬನ ಇಚ್ಛೆ ಬಂದು ನಿಲ್ಲುತ್ತದೆ: ಕಟ್ಟಿಸಿದ. ಎರಡೂ ಸೇರಿದರೆ ಇನ್ನೂ ನಾಜೂಕು: ಕಟ್ಟಿಸಿಕೊಂಡ. ಕಟ್ಟಿದ ಕೈ ಬೇರೆಯವರದು, ಒಪ್ಪಿಗೆ ನನ್ನದು. ಕಾರ ಹುಣ್ಣಿಮೆಗೆ ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟುತ್ತಾರೆ. ಎತ್ತು ಗೆಜ್ಜೆಸರ ಕಟ್ಟಿಕೊಂಡಿತು ಎಂದು ಮಕ್ಕಳ ಕಥೆಯ ಹೊರಗೆ ಯಾರೂ ಅನ್ನುವುದಿಲ್ಲ. ಈಗ ಎಮ್ಮೆ ಆಕಳುಗಳ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಇರುತ್ತದೆ. ಅದನ್ನೂ ಹಾಕಿದ್ದಾರೆ ಎನ್ನುತ್ತೇವೆ, ಹಾಕಿಕೊಂಡಿದೆ ಎನ್ನುವುದಿಲ್ಲ. ಸ್ಟೀವ್ ಮಾನ್ ಒಂದು ವ್ಯಾಖ್ಯೆಯನ್ನೇ ಬರೆದು ಉಳಿಸಲು ನೋಡಿದ ಭೇದ ನಮ್ಮಲ್ಲಿ ಎರಡಕ್ಷರದ ಪ್ರತ್ಯಯಗಳಲ್ಲಿ ಕೂತಿದೆ.

ನಮ್ಮ ಕಾಕಾ ಒಮ್ಮೆ ಎದೆಗೆ ಹೋಲ್ಟರ್ ಯಂತ್ರ ಕಟ್ಟಿಸಿಕೊಂಡು ಬಂದಿದ್ದರು. ತಲೆ ತಿರುಗಿ ಬಿದ್ದಿದ್ದರು, ಹೃದಯದ ಲಯ ತಪ್ಪುತ್ತಿದೆಯೇ ಎಂದು ಒಂದು ಹಗಲು ಒಂದು ರಾತ್ರಿ ದಾಖಲಿಸಬೇಕಿತ್ತು. ಅಮೆರಿಕದ ಮೊಂಟಾನಾ ರಾಜ್ಯದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಗೆ ಇಂಥದನ್ನು ಮೊದಲು ಮಾಡಿದಾಗ ಅದು ಬೆನ್ನಿಗೆ ಹೊರುವ ಮೂಟೆ, ತೂಕ ಸುಮಾರು 38 ಕಿಲೊ. ಕಾಕಾ ಕಟ್ಟಿಸಿಕೊಂಡದ್ದು ಅಂಗಿಯೊಳಗೆ ಅಡಗುವ ಡಬ್ಬಿ. ಆ ರಾತ್ರಿ ಅವರು ಮಗ್ಗುಲು ಬದಲಿಸದೆ ಮಲಗಿದರು, ಮರುದಿನ ಡಾಕ್ಟರರು ಬಿಚ್ಚುವವರೆಗೆ ಸ್ನಾನವಿಲ್ಲ. ‘ಲಿಂಗ ಕಟ್ಟಿಸಿಕೊಂಡ ಮೇಲೆ ಮೈಮೇಲೆ ಇಷ್ಟು ಕಾಳಜಿ ಮಾಡಿದ್ದು ಇದೇ ಮೊದಲು’ ಎಂದು ನಕ್ಕರು. ವೈನಿ ಮುಖ ತಿರುಗಿಸಿದರು, ಆ ಹೋಲಿಕೆ ಅವರಿಗೆ ಸೇರಲಿಲ್ಲ.

ವೈನಿಯ ಸಿಟ್ಟಿನಲ್ಲಿ ಅರ್ಥವಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ದೇವರನ್ನು ಗುಡಿಯ ಗರ್ಭದಿಂದ ಅಂಗೈಗೆ ತಂದ ಊರು. ಸ್ಥಾವರದಿಂದ ಜಂಗಮಕ್ಕೆ ಎಂಬ ಮಾತು ಇಲ್ಲಿ ಚಿಕ್ಕ ಮಕ್ಕಳ ಭಾಷಣಸ್ಪರ್ಧೆಯಲ್ಲೂ ಬರುತ್ತದೆ. ಇಷ್ಟಲಿಂಗವಿಡುವ ಕರಡಿಗೆ, ಅದನ್ನು ಕೊರಳಿಗೆ ಕಟ್ಟುವ ಶಿವದಾರ, ಬೆಳ್ಳಿಯ ಗುಂಡಗಡಗಿ, ಮೈಮೇಲೆ ಸದಾ ಇರಬೇಕೆಂಬ ಕಟ್ಟುನಿಟ್ಟು. ಇವನ್ನೆಲ್ಲ ಸೇರಿಸಿ ‘ಜಗತ್ತಿನ ಮೊದಲ ವೇರಬಲ್ ನಮ್ಮ ಶರಣರದು’ ಎಂಬ ಸಂದೇಶ ವಾಟ್ಸಾಪಿನಲ್ಲಿ ಹರಿದಾಡುವ ಮೊದಲೇ ಹೇಳಿಬಿಡುತ್ತೇನೆ: ಇಷ್ಟಲಿಂಗ ಸಾಧನವಲ್ಲ, ಏನನ್ನೂ ಅಳೆಯುವುದಿಲ್ಲ, ಯಾರಿಗೂ ವರದಿ ಮಾಡುವುದಿಲ್ಲ. ಎಡಗೈಯಲ್ಲಿ ಇಟ್ಟುಕೊಂಡು ಕಟ್ಟಿಕೊಂಡವರು ಅದನ್ನು ನೋಡುತ್ತಾರೆ, ಇನ್ನೊಬ್ಬರು ಮುಟ್ಟುವಂತಿಲ್ಲ. ಹೋಲ್ಟರ್ ಡಬ್ಬಿಯೊಳಗಿನ ಗೆರೆಗಳನ್ನು ಕಾಕಾ ಓದಲಾರರು. ಮಾಸ್ತರರ ಹೆಜ್ಜೆಗಳ ಲೆಕ್ಕ ಮಾಸ್ತರರಿಗಿಂತ ಮೊದಲು ಮಗನಿಗೆ ಗೊತ್ತು. ಕಟ್ಟುವಿಕೆ ಒಂದೇ ಇದ್ದರೂ ನೋಟದ ದಿಕ್ಕು ಬೇರೆ.

ಮಗ ಕಟ್ಟಿಸಿದ್ದು ಪ್ರೀತಿಯಿಂದ. ಅದಕ್ಕೆ ಬೀಸಣಿಗೆಯ ಉಪಾಯ ಸಾಕಾಗುತ್ತದೆ. ನಾಗಪುರ, ಚಂಡೀಗಢ, ಪಂಚಕುಲಾದಂಥ ಊರುಗಳಲ್ಲಿ ಕೆಲವು ವರ್ಷಗಳ ಹಿಂದೆ ಬೀದಿ ಗುಡಿಸುವ ಕಾರ್ಮಿಕರ ಕೈಗೆ ಜಿಪಿಎಸ್ ಇರುವ ವಾಚುಗಳು ಬಂದವು. ಯಾರು ಯಾವ ಬೀದಿಯಲ್ಲಿದ್ದಾರೆ, ಎಷ್ಟು ಹೊತ್ತು ನಿಂತರು ಎಂಬುದು ಕಚೇರಿಯ ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತಿತ್ತು. ಚಂಡೀಗಢದಲ್ಲಿ ಕಾರ್ಮಿಕರು ಇದರ ವಿರುದ್ಧ ಬೀದಿಗಿಳಿದರು. ಚುಕ್ಕಿ ಅಲುಗದಿದ್ದರೆ ಸಂಬಳಕ್ಕೆ ಕತ್ತರಿ ಬೀಳುತ್ತದೆ ಎಂಬುದು ಅವರ ದೂರಾಗಿತ್ತು. ಇಂಗ್ಲಿಷಿನಲ್ಲಿ ಅದೂ ‘ವೇರಬಲ್’, ಲಾಸ್ ವೇಗಸ್ಸಿನಲ್ಲಿ ಶಾನನ್ ಬೂಟಿನೊಳಗಿದ್ದದ್ದೂ ‘ವೇರಬಲ್’. ಒಬ್ಬ ತೊಟ್ಟದ್ದು ಜೂಜುಕಟ್ಟೆಯ ಮಾಲೀಕನನ್ನು ಸೋಲಿಸಲು, ಇನ್ನೊಬ್ಬಳು ತೊಟ್ಟದ್ದು ಮೇಲ್ವಿಚಾರಕನ ಕಣ್ಣಿಗೆ ಬೀಳಲು. ಪದಕ್ಕೆ ಅದರ ಚಿಂತೆಯಿಲ್ಲ.

ಹುಡುಗರ ಫಲಕಕ್ಕೆ ಕೊನೆಗೆ ನಾನು ಬರೆದುಕೊಟ್ಟದ್ದು ‘ಮೈಗೆ ಕಟ್ಟಿಕೊಳ್ಳುವ ಸಾಧನಗಳು’ ಎಂದು. ಪ್ರದರ್ಶನದ ದಿನ ಹೋಗಿ ನೋಡಿದರೆ ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಸ್ಮಾರ್ಟ್ ವಾಚ್’ ಎಂದು ಬರೆದು ನನ್ನ ಸಾಲನ್ನು ಕೆಳಗೆ ಸಣ್ಣದಾಗಿ ಇಳಿಸಿದ್ದರು. ಜನ ನಿಂತು ಓದುತ್ತಿದ್ದರು, ಹಾಗಾಗಿ ಸುಮ್ಮನಾದೆ. ನಾಗಪುರದ ಗಡಿಯಾರಗಳ ಬಗ್ಗೆಯೂ ಒಂದು ಸಾಲು ಸೇರಿಸಿ ಎಂದಿದ್ದೆ. ಅದನ್ನು ಬರೆದ ಹುಡುಗಿ ‘ಕಾರ್ಮಿಕರು ಕಟ್ಟಿಕೊಂಡಿದ್ದಾರೆ’ ಎಂದು ಬರೆದು, ಹೊಡೆದುಹಾಕಿ, ‘ಕಾರ್ಮಿಕರಿಗೆ ಕಟ್ಟಿಸಿದ್ದಾರೆ’ ಎಂದು ತಿದ್ದಿದ್ದಳು. ಪ್ರತ್ಯಯದ ಪಾಠ ಯಾರ ತಲೆಗೂ ಹೋಗುವುದಿಲ್ಲ ಎಂದುಕೊಂಡಿದ್ದ ನನಗೆ ಖುಷಿಯಾಯಿತು. ಆದರೆ ಫಲಕದ ಮೇಲೆ ಅಚ್ಚಾಗಿದ್ದು ಮೂರನೆಯ ಪಾಠ. ಕಚೇರಿಯಿಂದ ಯಾರೋ ಅದನ್ನು ಶುದ್ಧಗೊಳಿಸಿದ್ದರು: ‘ಕಾರ್ಮಿಕರಿಗೆ ಗಡಿಯಾರಗಳನ್ನು ವಿತರಿಸಲಾಗಿದೆ.’ ಕಟ್ಟಿದವರು, ಕಟ್ಟಿಸಿದವರು, ಕಟ್ಟಿಸಿಕೊಂಡವರು ಮೂವರೂ ಆ ‘-ಲಾಗಿದೆ’ಯೊಳಗೆ ಮಾಯ. ವಾಕ್ಯದಲ್ಲಿ ಕರ್ತೃಪದ ಎಲ್ಲಿದೆ ಎಂದು ಆ ಹುಡುಗಿ ಕೇಳಿದಳು. ಕರ್ಮಣಿ ಪ್ರಯೋಗದಲ್ಲಿ ಅದನ್ನು ಹೇಳಲೇಬೇಕೆಂಬ ನಿಯಮವಿಲ್ಲ ಎಂದು ಮಾಸ್ತರನಾಗಿ ಉತ್ತರ ಕೊಟ್ಟೆ.